ಗಣಕಯಂತ್ರದ ಮೊದಲ ನೆನಪು

ಕಳೆದ ಮಳೆಗಾಲದಲ್ಲಿ ಯಶವಂತಪುರದ ನಮ್ಮ ಕಾಲೇಜಿನಲ್ಲಿ ನಡೆದ ಒಂದು ಸಣ್ಣ ಪ್ರಸಂಗವೇ ಈ ಲೇಖನಕ್ಕೆ ಕಾರಣ. ಅಂದು ವಿದ್ಯಾರ್ಥಿವೇತನವೊಂದಕ್ಕೆ ಅರ್ಜಿ ಸಲ್ಲಿಸಲು ಕಡೆಯ ದಿನ. ಮನೆಯಲ್ಲಿ ಗಣಕಯಂತ್ರವಿಲ್ಲದ ವಿದ್ಯಾರ್ಥಿಗಳೆಲ್ಲ ಪ್ರಯೋಗಶಾಲೆಯ ಯಂತ್ರಗಳ ಮುಂದೆ ಕುಳಿತಿದ್ದರು. ಮೂಲೆಯಲ್ಲಿದ್ದ ಒಂದು ಹಳೆಯ ಯಂತ್ರ ಮಾತ್ರ ಯಾವ ಜಾಲತಾಣವನ್ನೂ ತೆರೆಯಲೊಲ್ಲದು. ಈ ಸಂಪರ್ಕವು ಸುರಕ್ಷಿತವಲ್ಲ ಎಂಬ ಒಂದೇ ಮಾತನ್ನು ಮತ್ತೆ ಮತ್ತೆ ತೋರಿಸುತ್ತಿತ್ತು. ಪಕ್ಕದ ಯಂತ್ರಗಳಲ್ಲಿ ಅದೇ ತಾಣ ನಿರಾತಂಕವಾಗಿ ತೆರೆಯುತ್ತಿತ್ತು.

ಹಿಂದಿನ ದಿನ ಒಬ್ಬ ಹುಡುಗ ಅದೇ ಯಂತ್ರದ ಮುಂದೆ ಕುಳಿತು, ಅದು ಚಾಲೂ ಆಗುವ ಹೊತ್ತಿನಲ್ಲಿ ಯಾವುದೋ ಕೀಲಿಯನ್ನೊತ್ತಿ, ನೀಲಿ ಬಣ್ಣದ ಒಂದು ಪುಟವನ್ನು ತೆರೆದು ನೋಡುತ್ತಿದ್ದುದನ್ನು ನಾವು ಕಂಡಿದ್ದೆವು. 'ನೀನೇ ಏನನ್ನೋ ಕೆಡಿಸಿದ್ದೀಯೆ' ಎಂದು ಅವನನ್ನು ಎಲ್ಲರೆದುರಿಗೆ ಗದರಿಸಿಬಿಟ್ಟೆವು. 'ಇಲ್ಲ ಸಾರ್, ಬರೀ ನೋಡಿದೆ ಅಷ್ಟೆ' ಎಂದು ಅವನು ತಲೆ ತಗ್ಗಿಸಿದ. ಆ ಯಂತ್ರದಲ್ಲಿ ಅರ್ಜಿ ತುಂಬಬೇಕಾಗಿದ್ದ ಹುಡುಗಿಯು ಬೇರೊಂದು ಯಂತ್ರ ಬಿಡುವಾಗುವ ತನಕ ಕಾದಿದ್ದು, ಸಂಜೆ ಏಳು ಗಂಟೆಗೆ ಹೇಗೋ ಕೆಲಸ ಮುಗಿಸಿ ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಶಾಂತಚಿತ್ತದಿಂದ ಆ ಯಂತ್ರದ ಮುಂದೆ ಕುಳಿತಾಗ, ಪರದೆಯ ಮೂಲೆಯಲ್ಲಿದ್ದ ತಾರೀಖು ನಮ್ಮ ಕಣ್ಣಿಗೆ ಬಿತ್ತು. ಅದು 2015ನೆಯ ಇಸವಿಯ ಜನವರಿ 1 ಎಂದಿತ್ತು. ಹುಡುಗನ ತಪ್ಪೇನೂ ಇರಲಿಲ್ಲ. ತಪ್ಪಿದ್ದುದು ಯಂತ್ರದೊಳಗಿನ, ಅಂಗಿಯ ಗುಂಡಿಗಿಂತ ತುಸು ದೊಡ್ಡದಾದ, ಒಂದು ವಿದ್ಯುತ್ಕೋಶದಲ್ಲಿ. ಅಷ್ಟು ಚಿಕ್ಕ ಕೋಶವು ಬರಿದಾದರೆ ಅಷ್ಟು ದೊಡ್ಡ ಯಂತ್ರವು ಏಕೆ ದಾರಿ ತಪ್ಪಬೇಕು? ಹುಡುಗನು ತೆರೆದು ನೋಡಿದ ಆ ನೀಲಿ ಪುಟವಾದರೂ ಯಾವುದು? ಅದನ್ನು ಮುಟ್ಟಲು ಹೆದರಬೇಕೆ? ಈ ಪ್ರಶ್ನೆಗಳನ್ನು ಒಂದೊಂದಾಗಿ ವಿಚಾರ ಮಾಡೋಣ.

ಪೆಟ್ಟಿಗೆ ಮತ್ತು ಬೀಗದ ಕೈ

ಗಣಕಯಂತ್ರವು ಕೆಲಸ ಮಾಡುವಾಗ ತನಗೆ ಬೇಕಾದ ಆದೇಶಗಳನ್ನೂ ಅಂಕಿ ಅಂಶಗಳನ್ನೂ ಕಾರ್ಯಸ್ಮೃತಿಯಲ್ಲಿ ಇರಿಸಿಕೊಳ್ಳುತ್ತದೆ. ಈ ಸ್ಮೃತಿಯು ಬಹು ಚುರುಕು. ಆದರೆ ವಿದ್ಯುತ್ತು ನಿಂತೊಡನೆ ಅದರಲ್ಲಿದ್ದುದೆಲ್ಲ ಅಳಿದುಹೋಗುತ್ತದೆ. ಆದುದರಿಂದ ಬೆಳಿಗ್ಗೆ ಗುಂಡಿಯನ್ನು ಒತ್ತಿದಾಗ ಯಂತ್ರವು ಏನೂ ಅರಿಯದ ಸ್ಥಿತಿಯಲ್ಲಿರುತ್ತದೆ. ವಿಂಡೋಸ್ ಅಥವಾ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯು ಡಿಸ್ಕಿನಲ್ಲಿ ಭದ್ರವಾಗಿದೆ, ನಿಜ. ಆದರೆ ಡಿಸ್ಕನ್ನು ಓದುವುದಕ್ಕೂ ಆದೇಶಗಳು ಬೇಕಷ್ಟೆ? ಆ ಆದೇಶಗಳನ್ನೂ ಡಿಸ್ಕಿನಲ್ಲೇ ಇಟ್ಟರೆ, ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದಂತಾಗುತ್ತದೆ.

ಈ ತೊಡಕಿಗೆ ಎಂಜಿನಿಯರುಗಳು ಕಂಡುಕೊಂಡ ಪರಿಹಾರ ಸರಳವಾದುದು. ಯಂತ್ರದ ಮುಖ್ಯ ಫಲಕದ ಮೇಲೆ, ಅಂದರೆ ಮದರ್‌ಬೋರ್ಡಿನ ಮೇಲೆ, ವಿದ್ಯುತ್ತಿಲ್ಲದಿದ್ದರೂ ತನ್ನಲ್ಲಿರುವುದನ್ನು ಮರೆಯದ ಒಂದು ಚಿಕ್ಕ ಚಿಪ್ ಅನ್ನು ಕೂಡಿಸುತ್ತಾರೆ. ಏಳುವಾಗ ಮಾಡಬೇಕಾದ ಕೆಲಸಗಳ ಕ್ರಮವಿಧಿಯನ್ನು ಅದರಲ್ಲಿ ಬರೆದಿಟ್ಟಿರುತ್ತಾರೆ. ಇದಕ್ಕೆ ಫರ್ಮ್‌ವೇರ್ ಎಂದು ಹೆಸರು. ಯಂತ್ರದ ಜಡಭಾಗಗಳು ಹಾರ್ಡ್‌ವೇರ್. ಬೇಕಾದಾಗ ಹಾಕಿ ಬೇಡವಾದಾಗ ತೆಗೆಯಬಹುದಾದ ಕ್ರಮವಿಧಿಗಳು ಸಾಫ್ಟ್‌ವೇರ್. ಇವೆರಡರ ನಡುವೆ ನಿಂತು, ಸುಲಭವಾಗಿ ಕದಲದೆ ಬೇರೂರಿರುವುದು ಫರ್ಮ್‌ವೇರ್. ಈ ಪದವನ್ನು 1967ರಲ್ಲಿ ಆಷರ್ ಆಪ್ಲರ್ ಎಂಬವರು ತುಸು ಬೇರೆ ಅರ್ಥದಲ್ಲಿ ಮೊದಲು ಬಳಸಿದರು. ಕ್ರಮೇಣ ಅದರ ಅರ್ಥವು ವಿಸ್ತಾರವಾಯಿತು.

ಮನೆಬಳಕೆಯ ಗಣಕಯಂತ್ರಗಳ ಫರ್ಮ್‌ವೇರಿಗೆ ಬಯಾಸ್ ಎಂಬ ಹೆಸರು ರೂಢಿಯಲ್ಲಿದೆ. 1970ರ ದಶಕದಲ್ಲಿ ಗ್ಯಾರಿ ಕಿಲ್ಡಾಲ್ ಎಂಬ ಅಮೆರಿಕದ ವಿಜ್ಞಾನಿಯು ತಾನು ರಚಿಸಿದ ಸಿಪಿ/ಎಂ ಎಂಬ ಕಾರ್ಯವ್ಯವಸ್ಥೆಯ ಒಂದು ಭಾಗಕ್ಕೆ ಕೊಟ್ಟ ಹೆಸರು ಇದು. 1981ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ಪರ್ಸನಲ್ ಕಂಪ್ಯೂಟರಿನಲ್ಲಿ ಬಯಾಸ್ 8 ಕಿಲೋಬೈಟುಗಳಷ್ಟಿತ್ತು. ಇಂದಿನ ಯಂತ್ರಗಳಲ್ಲಿ ಇದಕ್ಕೆಂದು ಇರುವ ಚಿಪ್‌ನ ಗಾತ್ರವು ಸಾಮಾನ್ಯವಾಗಿ 16 ಅಥವಾ 32 ಮೆಗಾಬೈಟು. ಅಂದರೆ ಮೊದಲಿನದಕ್ಕಿಂತ ಎರಡು ಸಾವಿರ ಪಟ್ಟಿಗೂ ಮಿಗಿಲು. ಹಳೆಯ ಬಯಾಸಿನ ಸ್ಥಾನವನ್ನು ಈಗ ಯುಇಎಫ್‌ಐ ಎಂಬ ಹೊಸ ವಿಧಾನವು ಆಕ್ರಮಿಸಿದೆ. ಅದರ ನಿಯಮಗಳನ್ನು ನೋಡಿಕೊಳ್ಳುವ ಕೂಟವು 2005ರಲ್ಲಿ ಸ್ಥಾಪನೆಯಾಯಿತು. ಆದರೂ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ.

ಗುಂಡಿಯನ್ನು ಒತ್ತಿದ ಮೇಲೆ ನಡೆಯುವುದೇನು? ಮೊದಲು ವಿದ್ಯುತ್ ಪೂರೈಕೆಯ ಘಟಕವು ತನ್ನ ವೋಲ್ಟೇಜು ಸ್ಥಿರವಾಯಿತೆಂದು ಸಂಕೇತ ಕೊಡುತ್ತದೆ. ಕೂಡಲೇ ಸಂಸ್ಕಾರಕವು, ಎಂದರೆ ಪ್ರೊಸೆಸರು, ಹುಟ್ಟಿನಿಂದಲೇ ತನಗೆ ಗೊತ್ತುಮಾಡಿರುವ ಒಂದು ವಿಳಾಸಕ್ಕೆ ಹೋಗಿ, ಅಲ್ಲಿರುವ ಆದೇಶವನ್ನು ಓದುತ್ತದೆ. ಆ ವಿಳಾಸದಲ್ಲಿ ಫರ್ಮ್‌ವೇರಿನ ಮೊದಲ ಸಾಲು ಇರುವಂತೆ ಯಂತ್ರವನ್ನು ಕಟ್ಟಿರುತ್ತಾರೆ. ಅಲ್ಲಿಂದ ಮುಂದೆ ಫರ್ಮ್‌ವೇರು ಕಾರ್ಯಸ್ಮೃತಿ ಎಷ್ಟಿದೆ, ಸರಿಯಾಗಿದೆಯೇ, ಕೀಲಿಮಣೆ ಇದೆಯೇ, ಡಿಸ್ಕುಗಳು ಯಾವುವು ಎಂದು ಒಂದೊಂದನ್ನೂ ಪರೀಕ್ಷಿಸುತ್ತದೆ. ದೊಡ್ಡ ದೋಷವಿದ್ದರೆ ಪರದೆ ಬೆಳಗುವ ಮೊದಲೇ ಪೀಪಿಯ ಸದ್ದಿನಿಂದ ತಿಳಿಸುವುದುಂಟು. ಎಲ್ಲವೂ ಸರಿಯಿದ್ದರೆ, ಯಾವ ಡಿಸ್ಕಿನಿಂದ ಹೊರಡಬೇಕೆಂದು ತನ್ನ ಪಟ್ಟಿಯನ್ನು ನೋಡಿ, ಅಲ್ಲಿರುವ ಕಾರ್ಯವ್ಯವಸ್ಥೆಯನ್ನು ಸ್ಮೃತಿಗೆ ತಂದು, ಅಧಿಕಾರವನ್ನು ಅದಕ್ಕೆ ಒಪ್ಪಿಸುತ್ತದೆ. ಇಷ್ಟೆಲ್ಲವೂ ಕೆಲವೇ ಸೆಕೆಂಡುಗಳ ಕೆಲಸ. ನಮ್ಮ ನೆರೆಯಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿಸಿದ ಪರಮ್ ಪ್ರವೇಗ ಎಂಬ ಮಹಾಗಣಕದ ಒಂದೊಂದು ಘಟಕವೂ ಏಳಬೇಕಾದರೆ ಮೊದಲು ತನ್ನ ಫರ್ಮ್‌ವೇರಿನ ಮಾತನ್ನೇ ಕೇಳಬೇಕು.

ಗುಂಡಿಯಂಥ ಕೋಶ, ಕವಲಿನಂಥ ಸ್ಫಟಿಕ

ಮೇಲೆ ಹೇಳಿದ ಕ್ರಮವಿಧಿಯನ್ನು ತಯಾರಕರು ಬರೆದಿಟ್ಟಿರುತ್ತಾರೆ. ಆದರೆ ಎಲ್ಲ ಸಂಗತಿಗಳನ್ನೂ ಅವರು ಮುಂದಾಗಿಯೇ ಬರೆದಿಡಲಾರರು. ಈ ಯಂತ್ರಕ್ಕೆ ಎಷ್ಟು ಡಿಸ್ಕುಗಳನ್ನು ಜೋಡಿಸಿದ್ದಾರೆ, ಯಾವುದರಿಂದ ಹೊರಡಬೇಕು ಎಂಬುದು ಬಳಸುವವರ ಇಷ್ಟವನ್ನು ಅನುಸರಿಸಿದ್ದು. ಈಗ ಗಂಟೆ ಎಷ್ಟು ಎಂಬುದಂತೂ ಕ್ಷಣಕ್ಷಣಕ್ಕೂ ಬದಲಾಗುತ್ತದೆ. 1984ರಲ್ಲಿ ಐಬಿಎಂ ಹೊರತಂದ ಪಿಸಿ/ಎಟಿ ಎಂಬ ಯಂತ್ರದಲ್ಲಿ ಈ ಎರಡಕ್ಕೂ ಒಂದೇ ಏರ್ಪಾಟು ಮಾಡಿದ್ದರು. ಮೊಟೊರೋಲಾ ಸಂಸ್ಥೆಯ 146818 ಎಂಬ ಗಡಿಯಾರದ ಚಿಪ್‌ನಲ್ಲಿ 64 ಬೈಟುಗಳ ಸ್ಮೃತಿಯಿತ್ತು. ಅದರಲ್ಲಿ 14 ಬೈಟುಗಳು ಗಡಿಯಾರಕ್ಕೆ, ಮಿಕ್ಕ 50 ಬೈಟುಗಳು ಯಂತ್ರದ ಹೊಂದಿಕೆಗಳಿಗೆ. ಬಹು ಕಡಮೆ ವಿದ್ಯುತ್ತನ್ನು ಬಳಸುವ ಸಿಮಾಸ್ ಎಂಬ ತಂತ್ರದಿಂದ ಅದನ್ನು ತಯಾರಿಸಿದ್ದರಿಂದ ಒಂದು ಸಣ್ಣ ಬ್ಯಾಟರಿಯೇ ಅದನ್ನು ವರ್ಷಗಟ್ಟಲೆ ನಡೆಸುತ್ತಿತ್ತು. ಸಿಮಾಸ್ ಬ್ಯಾಟರಿ ಎಂಬ ಮಾತು ಹೀಗೆ ಬಂದಿತು.

ಈಗಿನ ಯಂತ್ರಗಳಲ್ಲಿ ಹೊಂದಿಕೆಗಳ ಬಹುಭಾಗವನ್ನು ಅಳಿಯದ ಚಿಪ್‌ನಲ್ಲಿಯೇ ಬರೆದಿಡುತ್ತಾರೆ. ಗಡಿಯಾರಕ್ಕೆ ಮಾತ್ರ ಇಂದಿಗೂ ಕೋಶವು ಬೇಕೇ ಬೇಕು. ಏಕೆಂದರೆ ಹೊಂದಿಕೆಯನ್ನು ಒಮ್ಮೆ ಬರೆದಿಟ್ಟರೆ ಸಾಕು. ಕಾಲವನ್ನು ಹಾಗೆ ಬರೆದಿಡುವುದು ಸಾಧ್ಯವಿಲ್ಲ. ಯಂತ್ರವು ನಿದ್ರಿಸುತ್ತಿರುವಾಗಲೂ ಯಾರಾದರೂ ಸೆಕೆಂಡುಗಳನ್ನು ಎಣಿಸುತ್ತಲೇ ಇರಬೇಕು.

ಎಣಿಸುವ ಬಗೆ ಹೇಗೆ? ಇಲ್ಲಿ ನಮ್ಮ ಊರಿನ ಮಾತೊಂದು ನೆನಪಿಗೆ ಬರುತ್ತದೆ. ಯಶವಂತಪುರದಿಂದ ಕೆಲವೇ ಕಿಲೋಮೀಟರು ದೂರದ ಜಾಲಹಳ್ಳಿಯಲ್ಲಿ ಹಿಂದುಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯು ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ 1961ರಲ್ಲಿ ಕೈಗಡಿಯಾರಗಳ ತಯಾರಿಕೆಯನ್ನು ಆರಂಭಿಸಿತು. 2016ರಲ್ಲಿ ಕೇಂದ್ರ ಸರ್ಕಾರವು ಎಚ್‌ಎಂಟಿ ಗಡಿಯಾರಗಳ ಸಂಸ್ಥೆಯನ್ನು ಮುಚ್ಚಲು ನಿರ್ಧರಿಸಿತಾದರೂ, ನಮ್ಮ ಕಡೆಯ ಹಿರಿಯರ ಮಣಿಕಟ್ಟಿನ ಮೇಲೆ ಆ ಗಡಿಯಾರಗಳು ಇಂದಿಗೂ ಕಾಣುತ್ತವೆ. ಕೀಲಿ ಕೊಡುವ ಗಡಿಯಾರದಲ್ಲಿ ಒಂದು ಚಕ್ರವೂ ಸುರುಳಿಯೂ ಸೆಕೆಂಡಿಗೆ ಐದಾರು ಸಲ ಟಿಕ್ ಎಂದು ಕಾಲವನ್ನು ಅಳೆಯುತ್ತವೆ. ಆಮೇಲೆ ಬಂದ ಕ್ವಾರ್ಟ್ಸ್ ಗಡಿಯಾರದಲ್ಲಿ ಆ ಕೆಲಸವನ್ನು ಒಂದು ಸ್ಫಟಿಕವು ಮಾಡುತ್ತದೆ. ಗಣಕಯಂತ್ರದ ಒಳಗಿರುವುದೂ ಅಂಥದೇ ಸ್ಫಟಿಕ.

ಈ ಸ್ಫಟಿಕವು ಪ್ರಯೋಗಶಾಲೆಯ ಶ್ರುತಿಕವೆಯಂತೆ ಎರಡು ಕವಲುಗಳಾಗಿ ಕತ್ತರಿಸಿದ, ಕೆಲವೇ ಮಿಲಿಮೀಟರು ಉದ್ದದ ಒಂದು ಚೂರು. ಅದಕ್ಕೆ ವಿದ್ಯುತ್ತನ್ನು ಹಾಯಿಸಿದರೆ ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ವಿಚಿತ್ರ ಸಂಖ್ಯೆ ಏಕೆ ಎಂದು ವಾಚಕರು ಕೇಳಬಹುದು. ಅದನ್ನು ಎರಡರಿಂದ ಭಾಗಿಸಿ ನೋಡಿರಿ: 16,384 ಬರುತ್ತದೆ. ಮತ್ತೆ ಭಾಗಿಸಿದರೆ 8,192. ಹೀಗೆ ಹದಿನೈದು ಸಲ ಭಾಗಿಸಿದಾಗ ಸರಿಯಾಗಿ 1 ಉಳಿಯುತ್ತದೆ. ಬಂದ ಕಂಪನಗಳಲ್ಲಿ ಎರಡಕ್ಕೆ ಒಂದನ್ನು ಮಾತ್ರ ಮುಂದೆ ಬಿಡುವ ವಿದ್ಯುನ್ಮಂಡಲವನ್ನು ಕಟ್ಟುವುದು ಬಲು ಸುಲಭ. ಅಂಥ ಹದಿನೈದು ಮಂಡಲಗಳನ್ನು ಸಾಲಾಗಿ ಜೋಡಿಸಿದರೆ ಕಡೆಯದರಿಂದ ಸೆಕೆಂಡಿಗೆ ಒಂದು ಮಿಡಿತ ಹೊರಬರುತ್ತದೆ. ಆ ಮಿಡಿತವನ್ನು ಎಣಿಸಿದರೆ ನಿಮಿಷ, ಗಂಟೆ, ದಿನ, ಮಾಸ, ಸಂವತ್ಸರಗಳೆಲ್ಲ ದೊರೆಯುತ್ತವೆ.

ಈ ಗಡಿಯಾರವು ಪರಿಪೂರ್ಣವೇನಲ್ಲ. ಹತ್ತು ಲಕ್ಷದಲ್ಲಿ 20 ಭಾಗದಷ್ಟು ವ್ಯತ್ಯಾಸವು ಇಂಥ ಸ್ಫಟಿಕಗಳಲ್ಲಿ ಸಾಮಾನ್ಯ. ದಿನಕ್ಕೆ 86,400 ಸೆಕೆಂಡುಗಳಿರುವುದರಿಂದ, ಈ ವ್ಯತ್ಯಾಸವು ದಿನಕ್ಕೆ ಸುಮಾರು 1.7 ಸೆಕೆಂಡು, ತಿಂಗಳಿಗೆ ಸುಮಾರು 52 ಸೆಕೆಂಡು ಆಗುತ್ತದೆ. ಆದುದರಿಂದ ಗಡಿಯಾರವು ಒಂದೆರಡು ನಿಮಿಷ ತಪ್ಪಿದ್ದರೆ ಕೋಶವನ್ನು ದೂರಬೇಕಾಗಿಲ್ಲ. ವರ್ಷಗಳೇ ತಪ್ಪಿದ್ದರೆ ಮಾತ್ರ ಸಂದೇಹವು ಅದರ ಮೇಲೆ ಹೋಗಬೇಕು.

ಇನ್ನು ಕೋಶದ ಆಯುಸ್ಸನ್ನು ಲೆಕ್ಕ ಹಾಕೋಣ. ಬಹುಪಾಲು ಮೇಜಿನ ಯಂತ್ರಗಳಲ್ಲಿರುವುದು ಸಿಆರ್ 2032 ಎಂಬ ಲಿಥಿಯಂ ಕೋಶ. ಈ ಹೆಸರಿನಲ್ಲೇ ಅದರ ಅಳತೆ ಅಡಗಿದೆ: ವ್ಯಾಸ 20 ಮಿಲಿಮೀಟರು, ದಪ್ಪ 3.2 ಮಿಲಿಮೀಟರು. ಅದರ ವೋಲ್ಟೇಜು 3. ಅದರಲ್ಲಿ ತುಂಬಿರುವ ವಿದ್ಯುತ್ತು ಸುಮಾರು 220 ಮಿಲಿಆಂಪಿಯರ್-ಗಂಟೆಗಳು. ಗಡಿಯಾರದ ಮಂಡಲವು ಸುಮಾರು 3 ಮೈಕ್ರೊಆಂಪಿಯರುಗಳನ್ನು ಸೆಳೆಯುತ್ತದೆಂದು ಇಟ್ಟುಕೊಂಡರೆ, ಕೋಶವು 73,000 ಗಂಟೆಗಳಷ್ಟು ಕಾಲ, ಅಂದರೆ ಎಂಟು ವರ್ಷಗಳಿಗೂ ಮಿಗಿಲಾಗಿ ಬಾಳಬೇಕು. ಆ ಗಡಿಯಾರಕ್ಕೆ ಬೇಕಾದ ಶಕ್ತಿಯು, ನಮ್ಮ ಮನೆಯ 9 ವ್ಯಾಟಿನ ಎಲ್‌ಇಡಿ ದೀಪಕ್ಕೆ ಬೇಕಾದ ಶಕ್ತಿಯ ಹತ್ತು ಲಕ್ಷದಲ್ಲಿ ಒಂದು ಭಾಗ ಮಾತ್ರ. ಯಂತ್ರದ ಒಳಗಿನ ಶಾಖದಿಂದ ಕೋಶವು ತಾನಾಗಿಯೇ ಸೊರಗುವುದುಂಟಾದ್ದರಿಂದ ನಿಜವಾದ ಆಯುಸ್ಸು ಲೆಕ್ಕಕ್ಕಿಂತ ಕಡಮೆ.

ಇಲ್ಲಿ ಗಮನಿಸತಕ್ಕ ಇನ್ನೊಂದು ಸಂಗತಿಯುಂಟು. ಯಂತ್ರವನ್ನು ಆರಿಸಿದ್ದರೂ ಗೋಡೆಯ ಸ್ವಿಚ್ಚು ಹಾಕಿಯೇ ಇದ್ದರೆ ಗಡಿಯಾರಕ್ಕೆ ಬೇಕಾದ ವಿದ್ಯುತ್ತು ಅಲ್ಲಿಂದಲೇ ದೊರೆಯುತ್ತದೆ, ಕೋಶವು ವಿಶ್ರಮಿಸುತ್ತದೆ. ನಮ್ಮ ಪ್ರಯೋಗಶಾಲೆಯಲ್ಲಿ ಪ್ರತಿ ಸಂಜೆ ಮುಖ್ಯ ಸ್ವಿಚ್ಚನ್ನೇ ಆರಿಸುವ ಪದ್ಧತಿ. ಬೇಸಗೆಯ ಕೊನೆಯಲ್ಲಿ ಗುಡುಗು ಸಿಡಿಲಿನ ಮಳೆ ಬರುವ ನಮ್ಮ ಊರಿನಲ್ಲಿ ಇದು ಉಚಿತವಾದ ಪದ್ಧತಿಯೇ ಸರಿ. ಆದರೆ ಅದರ ಫಲವಾಗಿ ರಾತ್ರಿಗಳಲ್ಲಿಯೂ ಭಾನುವಾರಗಳಲ್ಲಿಯೂ ರಜೆಗಳಲ್ಲಿಯೂ ಗಡಿಯಾರದ ಭಾರವೆಲ್ಲ ಕೋಶದ ಮೇಲೆಯೇ ಬೀಳುತ್ತದೆ. ಅಂಥ ಕಡೆ ನಾಲ್ಕೈದು ವರ್ಷಗಳಿಗೊಮ್ಮೆ ಕೋಶವನ್ನು ಬದಲಾಯಿಸುವುದು ವಿವೇಕ. ನಮ್ಮ ಯಂತ್ರದ ಕೋಶವನ್ನು ಹೊರತೆಗೆದು ಮೀಟರಿನಿಂದ ಅಳೆದಾಗ 1.4 ವೋಲ್ಟು ತೋರಿಸಿತು. ಹೊಸದರಲ್ಲಿ 3 ವೋಲ್ಟಿಗಿಂತ ತುಸು ಹೆಚ್ಚೇ ಇರುತ್ತದೆ.

ಕಾಲ ತಪ್ಪಿದರೆ ಬಾಗಿಲೇಕೆ ಮುಚ್ಚುತ್ತದೆ?

ಕೋಶ ಬರಿದಾಗಿ ಗಡಿಯಾರವು ನಿಂತಿದ್ದರೆ, ಫರ್ಮ್‌ವೇರು ತಯಾರಕರು ಗೊತ್ತುಮಾಡಿಟ್ಟ ಯಾವುದೋ ಒಂದು ತಾರೀಖಿನಿಂದ ಎಣಿಕೆಯನ್ನು ಆರಂಭಿಸುತ್ತದೆ. ನಮ್ಮ ಯಂತ್ರಕ್ಕೆ ಅದು 2015ರ ಜನವರಿ 1. ಇದರಿಂದ ಪರದೆಯ ಮೇಲಿನ ತಾರೀಖು ತಪ್ಪಾದೀತು, ಅಷ್ಟೆ. ಜಾಲತಾಣ ತೆರೆಯುವುದಕ್ಕೂ ಇದಕ್ಕೂ ಏನು ಸಂಬಂಧ?

ಬಸ್ಸಿನ ಪಾಸನ್ನು ನೆನೆದುಕೊಳ್ಳಿರಿ. ವಿದ್ಯಾರ್ಥಿಯ ಪಾಸಿನ ಮೇಲೆ ಇಂದಿನಿಂದ ಇಂದಿನವರೆಗೆ ಎಂದು ಅವಧಿಯನ್ನು ನಮೂದಿಸಿರುತ್ತಾರೆ. ಕಂಡಕ್ಟರು ಅದನ್ನು ನೋಡಿ, ಆ ದಿನವು ಅವಧಿಯೊಳಗೆ ಬಂದರೆ ಕೂರಲು ಬಿಡುತ್ತಾರೆ. ಈಗ ಹತ್ತು ವರ್ಷ ಹಿಂದಿನ ಪಂಚಾಂಗವನ್ನು ಜೇಬಿನಲ್ಲಿಟ್ಟುಕೊಂಡ ಒಬ್ಬ ಕಂಡಕ್ಟರನ್ನು ಊಹಿಸಿರಿ. 'ಈ ಪಾಸಿನ ಅವಧಿ ಇನ್ನೂ ಪ್ರಾರಂಭವೇ ಆಗಿಲ್ಲ, ಇಳಿಯಿರಿ' ಎಂದು ಎಲ್ಲರನ್ನೂ ಅವರು ಕೆಳಗಿಳಿಸುವರು. ಪಾಸುಗಳೆಲ್ಲ ನಿಜವಾದುವೇ; ಕಂಡಕ್ಟರು ಪ್ರಾಮಾಣಿಕರೇ; ತಪ್ಪಿದುದು ಪಂಚಾಂಗ. ಸುರಕ್ಷಿತವಾದ ಪ್ರತಿಯೊಂದು ಜಾಲತಾಣಕ್ಕೂ ಇಂಥದೇ ಒಂದು ಪ್ರಮಾಣಪತ್ರವಿರುತ್ತದೆ. ಅದರಲ್ಲಿ ಅವಧಿಯ ಆರಂಭವೂ ಅಂತ್ಯವೂ ನಮೂದಾಗಿರುತ್ತವೆ. ನಮ್ಮ ಯಂತ್ರವು ಪತ್ರವನ್ನು ತನ್ನ ಗಡಿಯಾರಕ್ಕೆ ಹೋಲಿಸಿ ನೋಡಿ, ಅವಧಿ ಪ್ರಾರಂಭವಾಗಿಲ್ಲವೆಂದು ಪ್ರಾಮಾಣಿಕವಾಗಿಯೇ ಬಾಗಿಲು ಮುಚ್ಚಿತು.

ಗಣಕಯಂತ್ರವು ಅಂತರಜಾಲದಿಂದ ಕಾಲವನ್ನು ಕೇಳಿ ತಿದ್ದಿಕೊಳ್ಳುತ್ತದಲ್ಲವೇ ಎಂದು ಬಲ್ಲವರು ಆಕ್ಷೇಪಿಸಬಹುದು. ಸೆಕೆಂಡು ನಿಮಿಷಗಳ ವ್ಯತ್ಯಾಸವನ್ನು ಅದು ತಿದ್ದಿಕೊಳ್ಳುವುದು ನಿಜ. ಆದರೆ ವ್ಯತ್ಯಾಸವು ತೀರ ದೊಡ್ಡದಾಗಿದ್ದರೆ ಕೆಲವು ಕಾರ್ಯವ್ಯವಸ್ಥೆಗಳು ಅದನ್ನು ನಂಬದೆ ತಿದ್ದುಪಡಿಯನ್ನು ತಿರಸ್ಕರಿಸುತ್ತವೆ. ಆಗ ಮನುಷ್ಯನೇ ಕೈಯಿಟ್ಟು ಸರಿಪಡಿಸಬೇಕು.

ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಹಾಕಿಕೊಂಡವರು ಮತ್ತೊಂದು ವಿಚಿತ್ರವನ್ನು ಕಂಡಿರಬಹುದು. ಒಂದರಿಂದ ಇನ್ನೊಂದಕ್ಕೆ ಬಂದಾಗ ಗಡಿಯಾರವು ಸರಿಯಾಗಿ ಐದೂವರೆ ಗಂಟೆ ತಪ್ಪುತ್ತದೆ. ಇದಕ್ಕೆ ಕೋಶವು ಕಾರಣವಲ್ಲ. ಫರ್ಮ್‌ವೇರಿನ ಗಡಿಯಾರದಲ್ಲಿ ಸ್ಥಳೀಯ ಕಾಲವಿದೆಯೆಂದು ವಿಂಡೋಸ್ ಭಾವಿಸುತ್ತದೆ; ವಿಶ್ವಕಾಲವಿದೆಯೆಂದು ಲಿನಕ್ಸ್ ಸಾಮಾನ್ಯವಾಗಿ ಭಾವಿಸುತ್ತದೆ. ಭಾರತೀಯ ಕಾಲಕ್ಕೂ ವಿಶ್ವಕಾಲಕ್ಕೂ ಇರುವ ಅಂತರ 5 ಗಂಟೆ 30 ನಿಮಿಷ. ಎರಡು ವ್ಯವಸ್ಥೆಗಳೂ ಒಂದೇ ಪದ್ಧತಿಯನ್ನು ಅನುಸರಿಸುವಂತೆ ಲಿನಕ್ಸಿನಲ್ಲಿ ಒಂದು ಆದೇಶ ಕೊಟ್ಟರೆ ಜಗಳ ತೀರುತ್ತದೆ.

ನೀಲಿ ಪುಟದಲ್ಲಿ ಏನಿದೆ?

ಈಗ ಹುಡುಗನು ತೆರೆದ ಪುಟಕ್ಕೆ ಬರೋಣ. ಯಂತ್ರವು ಏಳುವ ಮೊದಲ ಕೆಲವು ಸೆಕೆಂಡುಗಳಲ್ಲಿ ಡಿಲೀಟ್ ಅಥವಾ ಎಫ್2 ಕೀಲಿಯನ್ನು ಒತ್ತುತ್ತಿದ್ದರೆ ಸೆಟಪ್ ಎಂಬ ಪುಟವು ತೆರೆಯುತ್ತದೆ. ಕೆಲವು ಯಂತ್ರಗಳಲ್ಲಿ ಎಫ್10, ಎಫ್1 ಅಥವಾ ಎಸ್ಕೇಪ್ ಕೀಲಿಯನ್ನು ಒತ್ತಬೇಕು. ಯಾವುದೆಂಬುದು ಬಹುಮಟ್ಟಿಗೆ ಪರದೆಯ ಕೆಳಗೆ ಕ್ಷಣಮಾತ್ರ ಕಾಣಿಸುತ್ತದೆ. ನೋಡುವುದರಿಂದ ಯಾವ ಹಾನಿಯೂ ಇಲ್ಲ. ಬದಲಾವಣೆಗಳನ್ನು ಉಳಿಸದೆ ಹೊರಬರುವ ದಾರಿಯು ಪ್ರತಿಯೊಂದು ಸೆಟಪ್ಪಿನಲ್ಲಿಯೂ ಉಂಟು. ಅಲ್ಲಿ ಮುಖ್ಯವಾಗಿ ತಿಳಿದಿರಬೇಕಾದ ಹೊಂದಿಕೆಗಳು ಇವು.

ಮೊದಲನೆಯದು ತಾರೀಖು ಮತ್ತು ವೇಳೆ. ಇದರ ವಿಚಾರವನ್ನು ಆಗಲೇ ಹೇಳಿದ್ದಾಗಿದೆ.

ಎರಡನೆಯದು ಹೊರಡುವ ಕ್ರಮ, ಎಂದರೆ ಬೂಟ್ ಆರ್ಡರ್. ಯಾವ ಸಾಧನದಲ್ಲಿ ಮೊದಲು ಕಾರ್ಯವ್ಯವಸ್ಥೆಯನ್ನು ಹುಡುಕಬೇಕೆಂಬುದರ ಪಟ್ಟಿ ಇದು. ಹೊಸ ವ್ಯವಸ್ಥೆಯನ್ನು ಪೆನ್‌ಡ್ರೈವಿನಿಂದ ಹಾಕುವವರು ಅದನ್ನು ಮೊದಲ ಸ್ಥಾನಕ್ಕೆ ತರುತ್ತಾರೆ. ಕೆಲಸ ಮುಗಿದ ಮೇಲೆ ಮರಳಿ ಡಿಸ್ಕನ್ನೇ ಮೊದಲು ಇರಿಸುವುದು ಒಳ್ಳೆಯದು. ಇಲ್ಲವಾದರೆ ಯಾರೋ ಬಿಟ್ಟುಹೋದ ಪೆನ್‌ಡ್ರೈವಿನಲ್ಲಿ ಹುಡುಕಿ, ಹೊರಡಲು ಏನೂ ಇಲ್ಲವೆಂದು ಯಂತ್ರವು ನಿಂತುಬಿಡಬಹುದು. ಡಿಸ್ಕು ಸತ್ತಿತೆಂದು ಗಾಬರಿಗೊಳ್ಳುವ ಮೊದಲು ಪೆನ್‌ಡ್ರೈವನ್ನು ಕಿತ್ತು ನೋಡಬೇಕು.

ಮೂರನೆಯದು ಸೆಕ್ಯೂರ್ ಬೂಟ್. ಡಿಸ್ಕಿನಿಂದ ತಂದ ಮೊದಲ ಕ್ರಮವಿಧಿಯು ನಂಬತಕ್ಕವರು ಮುದ್ರೆಯೊತ್ತಿದ್ದೇ ಎಂದು ಫರ್ಮ್‌ವೇರು ಪರೀಕ್ಷಿಸುವ ಏರ್ಪಾಟು ಇದು. ಕಾರ್ಯವ್ಯವಸ್ಥೆಗಿಂತ ಮುಂಚೆಯೇ ನುಸುಳುವ ಕೆಡುಕಿನ ಕ್ರಮವಿಧಿಗಳನ್ನು ಇದು ತಡೆಯುತ್ತದೆ. ಇದನ್ನು ಆರಿಸುವ ಮೊದಲು ಒಂದು ಎಚ್ಚರಿಕೆಯುಂಟು. ಇಂದಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿನ ಬರಹವನ್ನೆಲ್ಲ ಗುಪ್ತಲಿಪಿಗೆ ತಿರುಗಿಸಿರುತ್ತಾರೆ. ಅದನ್ನು ತೆರೆಯುವ ಕೀಲಿಯು ಟಿಪಿಎಂ ಎಂಬ ಚಿಪ್‌ನಲ್ಲಿರುತ್ತದೆ. ಫರ್ಮ್‌ವೇರಿನ ಹೊಂದಿಕೆ ಬದಲಾದುದನ್ನು ಕಂಡರೆ ಆ ಚಿಪ್ ಸಂಶಯಪಟ್ಟು ಕೀಲಿಯನ್ನು ಕೊಡದಿರಬಹುದು. ಆಗ ವಿಂಡೋಸಿನ ಬಿಟ್‌ಲಾಕರು 48 ಅಂಕೆಗಳ ಒಂದು ಸಂಖ್ಯೆಯನ್ನು ಕೇಳುತ್ತದೆ. ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳದವರ ಪ್ರಬಂಧಗಳೂ ಚಿತ್ರಗಳೂ ಕೈಗೆ ಸಿಗದೆ ಹೋಗುವ ಅಪಾಯವುಂಟು. ಆದುದರಿಂದ ಮೊದಲು ಸಂಖ್ಯೆಯನ್ನು ಹುಡುಕಿ ಕಾಗದದ ಮೇಲೆ ಬರೆದಿಡಬೇಕು. ಆಮೇಲೆ ಹೊಂದಿಕೆಯನ್ನು ಮುಟ್ಟಬೇಕು.

ನಾಲ್ಕನೆಯದು ಡಿಸ್ಕಿನೊಡನೆ ಮಾತಾಡುವ ವಿಧಾನ. ಇದನ್ನು ಎಎಚ್‌ಸಿಐ, ರೇಡ್ ಮುಂತಾದ ಹೆಸರುಗಳಿಂದ ತೋರಿಸಿರುತ್ತಾರೆ. ಕಾರ್ಯವ್ಯವಸ್ಥೆಯನ್ನು ಹಾಕುವಾಗ ಇದ್ದ ವಿಧಾನವನ್ನು ಅನಂತರ ಬದಲಾಯಿಸಿದರೆ ಅದು ಏಳದೆ ಹೋಗುವುದುಂಟು. ಹಾಗಾದರೆ ಹೆದರಬೇಕಾದುದಿಲ್ಲ, ಹಿಂದಿನ ವಿಧಾನಕ್ಕೆ ಮರಳಿಸಿದರೆ ಸಾಮಾನ್ಯವಾಗಿ ಎಲ್ಲವೂ ಮೊದಲಿನಂತಾಗುತ್ತದೆ. ಹಿಂದೆ ಏನಿತ್ತೆಂಬುದು ನೆನಪಿರಬೇಕು, ಅಷ್ಟೆ.

ಐದನೆಯದು ವಿದ್ಯುತ್ತು ಹೋಗಿ ಬಂದಾಗ ಯಂತ್ರವು ಏನು ಮಾಡಬೇಕೆಂಬುದು. ಆರಿಯೇ ಇರಬೇಕೆ, ತಾನಾಗಿ ಏಳಬೇಕೆ, ಹೋಗುವ ಮುನ್ನ ಇದ್ದ ಸ್ಥಿತಿಗೆ ಬರಬೇಕೆ ಎಂದು ಮೂರು ಆಯ್ಕೆಗಳಿರುತ್ತವೆ. ಕರೆಂಟು ಹೋಗಿ ಬರುವ ನಮ್ಮ ಬಡಾವಣೆಗಳಲ್ಲಿ ಮನೆಯ ಯಂತ್ರವನ್ನು ಆರಿಯೇ ಇರುವಂತೆ ಇರಿಸುವುದು ಕ್ಷೇಮ.

ಕಡೆಯದು ಪ್ರವೇಶದ ಗುಪ್ತಪದ. ಹಲವರು ಬಳಸುವ ಯಂತ್ರಗಳಿಗೆ ಇದು ಉಪಯುಕ್ತ. ಹಿಂದಿನ ಯಂತ್ರಗಳಲ್ಲಿ ಕೋಶವನ್ನು ತೆಗೆದರೆ ಗುಪ್ತಪದವೂ ಅಳಿದುಹೋಗುತ್ತಿತ್ತು. ಈಗಿನ ಅನೇಕ ಯಂತ್ರಗಳಲ್ಲಿ ಹಾಗಾಗುವುದಿಲ್ಲ. ಮರೆತರೆ ತಯಾರಕರ ಮೊರೆ ಹೋಗಬೇಕಾಗುತ್ತದೆ.

ಭಯವೆಷ್ಟು, ಎಚ್ಚರವೆಷ್ಟು?

ಫರ್ಮ್‌ವೇರನ್ನು ಮುಟ್ಟಿದರೆ ಯಂತ್ರವೇ ಸಾಯುತ್ತದೆಂಬ ಭಯವು ಜನರಲ್ಲಿ ಉಂಟು. ಇದು ಪೂರ್ಣವಾಗಿ ನಿರಾಧಾರವಲ್ಲ. 1999ರ ಏಪ್ರಿಲ್ 26ರಂದು ಸಿಐಎಚ್ ಎಂಬ ವೈರಸ್ಸು ಅನೇಕ ದೇಶಗಳ ಗಣಕಯಂತ್ರಗಳಲ್ಲಿ ಎಚ್ಚೆತ್ತು, ಡಿಸ್ಕನ್ನು ಕೆಡಿಸಿದ್ದಲ್ಲದೆ, ಸಾಧ್ಯವಾದ ಕಡೆಗಳಲ್ಲಿ ಬಯಾಸ್ ಚಿಪ್‌ನಲ್ಲಿದ್ದ ಬರಹವನ್ನೂ ಅಳಿಸಿತು. ಅಂಥ ಯಂತ್ರಗಳು ಗುಂಡಿಯನ್ನು ಒತ್ತಿದರೂ ಏಳಲಿಲ್ಲ. ಚಿಪ್ ಅನ್ನೇ ಬದಲಾಯಿಸಬೇಕಾಯಿತು ಅಥವಾ ಹೊರಗೆ ತೆಗೆದು ಮತ್ತೆ ಬರೆಯಬೇಕಾಯಿತು. ಆ ಅನುಭವದ ಮೇಲೆ ಚಿಪ್‌ಗೆ ಕಾವಲುಗಳು ಹೆಚ್ಚಿದವು. ಹೊಂದಿಕೆಯನ್ನು ಬದಲಿಸುವುದೇ ಬೇರೆ, ಫರ್ಮ್‌ವೇರನ್ನೇ ಅಳಿಸಿ ಬರೆಯುವುದೇ ಬೇರೆ. ಹೊಂದಿಕೆಯ ತಪ್ಪನ್ನು ಬಹುಮಟ್ಟಿಗೆ ತಿದ್ದಬಹುದು. ಅದಕ್ಕೆಂದೇ ಮೂಲ ಹೊಂದಿಕೆಗಳಿಗೆ ಮರಳುವ ಆದೇಶವನ್ನು ಪ್ರತಿ ಸೆಟಪ್ಪಿನಲ್ಲಿಯೂ ಇರಿಸಿದ್ದಾರೆ. ಹೊಸ ಫರ್ಮ್‌ವೇರನ್ನು ಬರೆಯುವ ಕೆಲಸದಲ್ಲಿ ಮಾತ್ರ ನಡುವೆ ವಿದ್ಯುತ್ತು ಹೋದರೆ ಯಂತ್ರವು ಅರ್ಧ ಬರೆದ ಆದೇಶಗಳೊಡನೆ ಉಳಿಯುವ ಅಪಾಯವಿದೆ. ಅದನ್ನು ಯುಪಿಎಸ್ ಇರುವಲ್ಲಿ, ಆ ಮಾದರಿಗೆಂದೇ ತಯಾರಕರು ಕೊಟ್ಟ ಪ್ರತಿಯಿಂದ ಮಾತ್ರ ಮಾಡಬೇಕು.

ಪ್ರಯೋಗಶಾಲೆಯಲ್ಲಿ ನಾವು ವಿದ್ಯಾರ್ಥಿಗಳಿಗೆ ಹೇಳುವ ನಿಯಮಗಳೇ ಇಲ್ಲಿಯೂ ಸಾಕು. ಬದಲಾಯಿಸುವ ಮೊದಲು ಪುಟದ ಚಿತ್ರವನ್ನು ಫೋನಿನಲ್ಲಿ ತೆಗೆದಿಡಬೇಕು. ಒಂದು ಸಲಕ್ಕೆ ಒಂದೇ ಹೊಂದಿಕೆಯನ್ನು ಬದಲಾಯಿಸಿ, ಪರಿಣಾಮವನ್ನು ನೋಡಬೇಕು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಫಲವು ಯಾವುದರಿಂದ ಬಂದಿತೆಂದು ಹೇಳಲಾಗದು. ಅರ್ಥವಾಗದ ಹೊಂದಿಕೆಯನ್ನು ಇದ್ದಂತೆಯೇ ಬಿಡಬೇಕು.

ಕೋಶವನ್ನು ಬದಲಾಯಿಸುವುದು ಕಷ್ಟವಲ್ಲ. ಯಂತ್ರವನ್ನು ಆರಿಸಿ, ತಂತಿಯನ್ನು ಗೋಡೆಯಿಂದ ಕಿತ್ತು, ಪೆಟ್ಟಿಗೆಯ ಲೋಹವನ್ನು ಒಮ್ಮೆ ಮುಟ್ಟಿ ಮೈಯ ಸ್ಥಾಯೀವಿದ್ಯುತ್ತನ್ನು ಕಳೆದುಕೊಂಡು, ಹಿಡಿಕೆಯ ಪಕ್ಕದ ಚಿಕ್ಕ ಕೊಕ್ಕೆಯನ್ನು ಸರಿಸಿದರೆ ಕೋಶವು ಮೇಲೇಳುತ್ತದೆ. ಹಳೆಯದು ಇದ್ದಂತೆಯೇ ಹೊಸದನ್ನು ಕೂಡಿಸಬೇಕು. ಸಾಮಾನ್ಯವಾಗಿ ಧನಚಿಹ್ನೆಯ ಮುಖವು ಮೇಲಿರುತ್ತದೆ. ಕೋಶವು ಕೈಗಡಿಯಾರದ ಅಂಗಡಿಗಳಲ್ಲಿಯೂ ದೊರೆಯುತ್ತದೆ. ಆಮೇಲೆ ಸೆಟಪ್ಪಿಗೆ ಹೋಗಿ ತಾರೀಖನ್ನೂ ವೇಳೆಯನ್ನೂ ಸರಿಪಡಿಸಬೇಕು. ಹಳೆಯ ಯಂತ್ರವಾದರೆ ಮಿಕ್ಕ ಹೊಂದಿಕೆಗಳನ್ನೂ ಒಮ್ಮೆ ನೋಡಬೇಕು. ಒಂದು ಮಾತನ್ನು ಮಾತ್ರ ಮರೆಯಬಾರದು: ಈ ಕೋಶವು ಹಳೆಯದಾಗಿದ್ದರೂ ಚಿಕ್ಕ ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ ಅನ್ನನಾಳವನ್ನು ಸುಟ್ಟು ಪ್ರಾಣಕ್ಕೇ ಅಪಾಯ ತರುತ್ತದೆ. ಅಂಥ ಸಂದರ್ಭದಲ್ಲಿ ಒಂದು ನಿಮಿಷವನ್ನೂ ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ನಮ್ಮ ಯಂತ್ರಕ್ಕೆ ಹೊಸ ಕೋಶವನ್ನು ಹಾಕಿ ತಾರೀಖನ್ನು ಸರಿಪಡಿಸಿದೊಡನೆ ಅದು ಎಲ್ಲ ತಾಣಗಳನ್ನೂ ತೆರೆಯಿತು. ಅಂದಿನ ತರಗತಿಯಲ್ಲಿ, ಹಿಂದಿನ ದಿನ ಗದರಿಸಿದವರೆದುರಿಗೇ ಆ ಹುಡುಗನನ್ನು ಕರೆದು, ತಪ್ಪು ನಮ್ಮದೆಂದು ಹೇಳಿದೆವು. ಅವನು ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, 'ಸಾರ್, ಆ ಪುಟದಲ್ಲಿ ತಾರೀಖು ತಪ್ಪಿದ್ದನ್ನು ನಾನು ಆವತ್ತೇ ನೋಡಿದ್ದೆ. ಹೇಳಿದರೆ ಬಯ್ಯುತ್ತೀರಿ ಎಂದು ಸುಮ್ಮನಿದ್ದೆ' ಎಂದ.

ಈಗ ಪ್ರಯೋಗಶಾಲೆಯ ಬಾಗಿಲ ಬಳಿ ಒಂದು ಪುಸ್ತಕವನ್ನು ತೂಗುಹಾಕಿದ್ದೇವೆ. ಪ್ರತಿ ಯಂತ್ರಕ್ಕೂ ಒಂದು ಪುಟ. ಕೋಶ ಹಾಕಿದ ದಿನ, ಹೊಂದಿಕೆಗಳ ಬದಲಾವಣೆ, ಕಂಡ ದೋಷ ಇವಿಷ್ಟನ್ನು ಯಾರು ಬೇಕಾದರೂ ಅದರಲ್ಲಿ ಬರೆಯಬಹುದು. ಮೊದಲ ಪುಟದ ಬರಹ ಆ ಹುಡುಗನ ಕೈಯದು.